ಒಂದೇ ಅಸ್ಥಿಪಂಜರ, ಮೂರು ಧರ್ಮದ ಗ್ರೂಪ್: ಧರ್ಮಗ್ರಂಥದ ಕಥೆಗಳನ್ನು ಭಕ್ತರು ಹೇಗೆ ಓದುತ್ತಾರೆ?

ಸಂಕ್ಷಿಪ್ತವಾಗಿ

- ದೈತ್ಯ ಅಸ್ಥಿಪಂಜರದ ಫೋಟೊ ನಕಲಿ. ಅದೇ ಫೋಟೊವನ್ನು ಹಿಂದೂ, ಮುಸ್ಲಿಂ ಮತ್ತು ಕ್ರೈಸ್ತ ಗ್ರೂಪ್‌ಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಹಂಚಲಾಗಿದೆ.
- ಫೋಟೊ ಸುಳ್ಳಾದ ಮಾತ್ರಕ್ಕೆ ಘಟೋತ್ಕಚನ ಕಥೆ ಅರ್ಥ ಕಳೆದುಕೊಳ್ಳುವುದಿಲ್ಲ. ಫೋಟೊ ನಿಜವಾಗಿದ್ದರೂ ಕಥೆಯ ಅರ್ಥ ಹೆಚ್ಚಾಗುತ್ತಿರಲಿಲ್ಲ.
- ಕಥೆಯ ಯಾವ ಮಾತನ್ನು ಹಾಗೇ ತೆಗೆದುಕೊಳ್ಳಬೇಕು, ಯಾವುದನ್ನು ಸಂಕೇತವಾಗಿ ಓದಬೇಕು ಎಂಬ ಚರ್ಚೆ ಹಲವು ಧರ್ಮಗಳಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಗದಗ ಸುತ್ತಲಿನ ನೆಲದಲ್ಲೇ ಅದಕ್ಕೆ ಒಳ್ಳೆಯ ಉದಾಹರಣೆಗಳಿವೆ.
- ಯಾವುದನ್ನು ವಿಜ್ಞಾನ ಪರೀಕ್ಷಿಸಬಹುದು, ಯಾವುದನ್ನು ಪರೀಕ್ಷಿಸಲಾಗದು ಎಂಬ ವ್ಯತ್ಯಾಸ ತಿಳಿದರೆ ಅರ್ಧ ಜಗಳ ತಪ್ಪುತ್ತದೆ.

ಫಾರ್ವರ್ಡ್ ಏನು ಹೇಳುತ್ತದೆ?

ಒಂದು ದೊಡ್ಡ ಗುಂಡಿ. ಅದರಲ್ಲಿ ಮಲಗಿದ ಮನುಷ್ಯನ ಅಸ್ಥಿಪಂಜರ. ಪಕ್ಕದಲ್ಲಿ ಅಗೆಯುತ್ತಿರುವ ವ್ಯಕ್ತಿ ಆ ತಲೆಬುರುಡೆಯ ಮುಂದೆ ಇರುವೆಯಂತೆ ಕಾಣುತ್ತಾನೆ. ಈ ಚಿತ್ರ ನಿಮ್ಮ ಫೋನಿಗೂ ಒಮ್ಮೆಯಾದರೂ ಬಂದಿರಬಹುದು. ಹಿಂದೂ ಗ್ರೂಪ್‌ಗಳಲ್ಲಿ ಇದು "ಭೀಮನ ಮಗ ಘಟೋತ್ಕಚನ ಅಸ್ಥಿಪಂಜರ". ಮುಸ್ಲಿಂ ಗ್ರೂಪ್‌ಗಳಲ್ಲಿ ಇದೇ ಚಿತ್ರ "ಸೌದಿ ಅರೇಬಿಯಾದ ಮರುಭೂಮಿಯಲ್ಲಿ ಸಿಕ್ಕ ಆದ್ ಜನಾಂಗದ ಮನುಷ್ಯ". ಕ್ರೈಸ್ತ ಗ್ರೂಪ್‌ಗಳಲ್ಲಿ ಇದು "ಬೈಬಲ್‌ನ ಆದಿಕಾಂಡದಲ್ಲಿ ಹೇಳಿದ ನೆಫೀಲಿಮ್ ದೈತ್ಯ". ಮೂರೂ ಕಡೆ ಕೊನೆಯ ಸಾಲು ಹೆಚ್ಚುಕಡಿಮೆ ಒಂದೇ: ನಮ್ಮ ಗ್ರಂಥ ಹೇಳಿದ್ದು ನಿಜ ಎಂದು ಈಗ ಸಾಬೀತಾಯಿತು, ಎಲ್ಲರಿಗೂ ಕಳಿಸಿ.

ಈ ಚಿತ್ರ ಎಲ್ಲಿಂದ ಬಂತು ಎಂಬುದು ಗೊತ್ತಿದೆ. 2002ರಲ್ಲಿ ವರ್ತ್1000 ಎಂಬ ವೆಬ್‌ಸೈಟ್ ಫೋಟೊ ತಿದ್ದುವ ಸ್ಪರ್ಧೆ ನಡೆಸಿತ್ತು. ಅದಕ್ಕಾಗಿ ಒಬ್ಬ ಕಲಾವಿದ ಈ ಚಿತ್ರ ತಯಾರಿಸಿದ. ಮೂಲ ಫೋಟೊ 2000ದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ ನಡೆದ ಉತ್ಖನನದ್ದು. ಅಲ್ಲಿ ಅಗೆದದ್ದು ಮಾಸ್ಟೊಡಾನ್ ಎಂಬ, ಆನೆಯನ್ನು ಹೋಲುವ ಅಳಿದುಹೋದ ಪ್ರಾಣಿಯ ಮೂಳೆಗಳನ್ನು. ಕಲಾವಿದ ಅದರ ಮೇಲೆ ಮನುಷ್ಯನ ಅಸ್ಥಿಪಂಜರ ಕೂರಿಸಿದ. 2004ರ ಹೊತ್ತಿಗೆ ಚಿತ್ರ ಇಮೇಲ್‌ಗಳಲ್ಲಿ ಓಡಾಡತೊಡಗಿತು. 2007ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆ ಇದು ನಕಲಿ ಎಂದು ವಿವರವಾಗಿ ಬರೆಯಿತು. ಆದರೂ ಚಿತ್ರ ಇನ್ನೂ ಸುತ್ತುತ್ತಲೇ ಇದೆ.

ಅಷ್ಟು ದೊಡ್ಡ ಮನುಷ್ಯ ಇರಲು ಸಾಧ್ಯವೇ?

ಫೋಟೊ ಬಿಡಿ, ಅಂಥ ದೇಹ ನಿಲ್ಲಬಲ್ಲದೇ? ಲೆಕ್ಕ ಸುಲಭ. ಮನುಷ್ಯನ ಎತ್ತರ, ಅಗಲ, ದಪ್ಪ ಮೂರೂ 10 ಪಟ್ಟು ಹೆಚ್ಚಿದವು ಎಂದುಕೊಳ್ಳಿ. ಆಗ ತೂಕ 10×10×10, ಅಂದರೆ 1000 ಪಟ್ಟು ಆಗುತ್ತದೆ. ಆದರೆ ತೂಕ ಹೊರುವ ತೊಡೆಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚುವುದು 10×10, ಅಂದರೆ 100 ಪಟ್ಟು ಮಾತ್ರ. ಹೀಗಾಗಿ ಮೂಳೆಯ ಪ್ರತಿ ಚದರ ಅಂಗುಲದ ಮೇಲೆ 10 ಪಟ್ಟು ಹೆಚ್ಚು ಭಾರ ಬೀಳುತ್ತದೆ. ಒಂದು ಹೆಜ್ಜೆ ಇಡುವಷ್ಟರಲ್ಲಿ ಮೂಳೆ ಮುರಿಯುತ್ತದೆ.

ಗೆಲಿಲಿಯೊ 1638ರ ತನ್ನ ಪುಸ್ತಕದಲ್ಲೇ ಈ ತತ್ತ್ವ ವಿವರಿಸಿದ್ದ. 1926ರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಕಥೆಗಳ ದೈತ್ಯರನ್ನೇ ಉದಾಹರಣೆಯಾಗಿ ತೆಗೆದುಕೊಂಡು ಇದನ್ನು ಸಾಮಾನ್ಯ ಓದುಗರಿಗೆ ತಿಳಿಸಿದರು. ಇದೇ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ದಾಖಲೆಯಲ್ಲಿರುವ ಅತಿ ಎತ್ತರದ ಮನುಷ್ಯ ಅಮೆರಿಕದ ರಾಬರ್ಟ್ ವಾಡ್ಲೊ. ಅವನ ಎತ್ತರ 272 ಸೆಂ.ಮೀ., ಅಂದರೆ ಸುಮಾರು 9 ಅಡಿ. ಅಷ್ಟಕ್ಕೇ ಅವನಿಗೆ ನಡೆಯಲು ಕಾಲಿಗೆ ಲೋಹದ ಪಟ್ಟಿ ಬೇಕಾಗಿತ್ತು. 1940ರಲ್ಲಿ, 22ನೇ ವಯಸ್ಸಿನಲ್ಲೇ ಅವನು ತೀರಿಕೊಂಡ.

ಹಾಗಾದರೆ ಕಥೆ ಸುಳ್ಳೇ?

ಇಲ್ಲಿಯೇ ಗ್ರೂಪ್‌ಗಳಲ್ಲಿ ಜಗಳ ಶುರುವಾಗುವುದು. ಒಬ್ಬರು "ಫೋಟೊ ಸುಳ್ಳು, ಹಾಗಾಗಿ ಮಹಾಭಾರತವೂ ಸುಳ್ಳು" ಎನ್ನುತ್ತಾರೆ. ಇನ್ನೊಬ್ಬರು "ಮಹಾಭಾರತ ಸತ್ಯ, ಹಾಗಾಗಿ ಫೋಟೊವೂ ಸತ್ಯ" ಎನ್ನುತ್ತಾರೆ. ನೋಡಿದರೆ ಇಬ್ಬರ ತರ್ಕವೂ ಒಂದೇ. ಧರ್ಮಗ್ರಂಥದ ಕಥೆಗೆ ಒಂದೇ ಬಗೆಯ ಅರ್ಥವಿದೆ, ಅದು ಪೊಲೀಸ್ ಪಂಚನಾಮೆಯಂತೆ ಅಕ್ಷರಕ್ಕೆ ಅಕ್ಷರ ನಡೆದ ಘಟನೆ ಎಂದು ಇಬ್ಬರೂ ಮೊದಲೇ ಒಪ್ಪಿಕೊಂಡಿದ್ದಾರೆ.

ಆದರೆ ನಂಬುವವರು ತಮ್ಮ ಕಥೆಗಳನ್ನು ಹೀಗೆ ಮಾತ್ರ ಓದಿಕೊಂಡು ಬಂದಿಲ್ಲ. ಇದು ಇಂದಿನ ವಿಚಾರವಾದಿಗಳು ಹೊಸದಾಗಿ ತಂದ ಮಾತೂ ಅಲ್ಲ. ದೂರ ಹೋಗುವುದು ಬೇಡ, ಗದಗ ಜಿಲ್ಲೆಯಿಂದಲೇ ಶುರು ಮಾಡೋಣ.

ಗದಗಿನ ನೆಲದ ಕಥೆಗಳು

ಕನ್ನಡದ ಭಾರತ ಎಂದರೆ ನಮಗೆ ಮೊದಲು ನೆನಪಾಗುವುದು ಕುಮಾರವ್ಯಾಸ. ಸುಮಾರು 15ನೇ ಶತಮಾನದ ಈ ಕವಿ ಕೋಳಿವಾಡದವನು, ಗದಗಿನ ವೀರನಾರಾಯಣನ ಭಕ್ತ. ಮಹಾಭಾರತದ ಮೊದಲ ಹತ್ತು ಪರ್ವಗಳನ್ನು ಭಾಮಿನಿ ಷಟ್ಪದಿಯಲ್ಲಿ ಬರೆದ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ವೀರನಾರಾಯಣ ಗುಡಿಯ ಕಂಬದ ಬಳಿ ಕುಳಿತು, ಬಟ್ಟೆ ಒಣಗುವವರೆಗೆ ಮಾತ್ರ ಅವನು ಬರೆಯುತ್ತಿದ್ದ ಎಂಬ ಕಥೆ ಗದಗಿನಲ್ಲಿ ಎಲ್ಲರಿಗೂ ಗೊತ್ತು. ಗುಡಿಗೆ ಹೋದವರಿಗೆ ಆ ಕಂಬವನ್ನೂ ತೋರಿಸುತ್ತಾರೆ. ಬಿಸಿಲಿಗೆ ಬಟ್ಟೆ ಒಣಗಲು ಎಷ್ಟು ನಿಮಿಷ, ಅಷ್ಟರಲ್ಲಿ ಎಷ್ಟು ಪದ್ಯ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಕಾವ್ಯವನ್ನು ಮಡಿಯಿಂದ, ದೇವರ ಕೆಲಸವೆಂದು ಬರೆದ ಎಂಬುದು ಕೇಳುವವರಿಗೆ ತಲುಪುತ್ತದೆ.

ಕುಮಾರವ್ಯಾಸನಿಗಿಂತ ಸುಮಾರು 500 ವರ್ಷ ಹಿಂದೆ, 941ರ ಹೊತ್ತಿಗೆ, ಪಂಪ ಭಾರತದ ಕಥೆಯನ್ನೇ 'ವಿಕ್ರಮಾರ್ಜುನ ವಿಜಯ' ಎಂದು ಬರೆದಿದ್ದ. ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳುಗನ್ನಡ ಎಂದು ಅವನೇ ಹೇಳಿಕೊಂಡಿದ್ದಾನೆ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಜೈನನಾದ ಪಂಪನ ಭಾರತದಲ್ಲಿ ದ್ರೌಪದಿಗೆ ಐವರು ಗಂಡಂದಿರಿಲ್ಲ, ಅರ್ಜುನ ಒಬ್ಬನೇ. ಕುಮಾರವ್ಯಾಸನಲ್ಲಿ ಐವರು. ಎರಡೂ ಕಾವ್ಯಗಳನ್ನು ಕನ್ನಡಿಗರು ತಲೆಯ ಮೇಲೆ ಹೊತ್ತುಕೊಂಡರು. "ಯಾವುದು ಸರಿ?" ಎಂದು ಹೊಡೆದಾಡಿ ಒಂದನ್ನು ಸುಟ್ಟುಹಾಕಲಿಲ್ಲ.

ಗದಗಿನಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯವಿದೆ. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದವಳು ಅತ್ತಿಮಬ್ಬೆ. 1007ರ ಲಕ್ಕುಂಡಿ ಶಾಸನ ಅವಳನ್ನು ಹೊಗಳುವಾಗ, ಅವಳ ಶೀಲದ ಬಲಕ್ಕೆ ಗೋದಾವರಿಯ ಪ್ರವಾಹವೇ ತಗ್ಗಿತು ಎಂಬ ಪವಾಡವನ್ನೂ ಹೇಳುತ್ತದೆ. ಈ ಒಂದು ಕಲ್ಲಿನಲ್ಲೇ ಎರಡು ಬಗೆಯ ಮಾತುಗಳಿವೆ. ಶಾಸನದ ಕಾಲ, ಬಸದಿ, ದಾನ ಇವು ಪರಿಶೀಲಿಸಬಹುದಾದ ಇತಿಹಾಸ. ನದಿ ತಗ್ಗಿದ್ದು ಅವಳ ಬಗ್ಗೆ ಆ ಕಾಲದ ಜನರಿಗಿದ್ದ ಗೌರವದ ಭಾಷೆ. ಎರಡನೆಯದನ್ನು ನಂಬದವರೂ ಮೊದಲನೆಯದನ್ನು ಅಲ್ಲಗಳೆಯಬೇಕಿಲ್ಲ.

ಜೈನರು: ಪ್ರಶ್ನೆ ಕೇಳಿ ಮತ್ತೆ ಹೇಳಿದ ರಾಮಾಯಣ

"ಕುಂಭಕರ್ಣ ಆರು ತಿಂಗಳು ಮಲಗಲು ಸಾಧ್ಯವೇ? ಬಲಿಷ್ಠ ರಾಕ್ಷಸರನ್ನು ಕೋತಿಗಳು ಸೋಲಿಸಿದವೇ?" ಇದು ಇಂದಿನ ಯಾವುದೋ ಯೂಟ್ಯೂಬ್ ಚಾನೆಲ್‌ನ ಪ್ರಶ್ನೆ ಎನಿಸಬಹುದು. ಆದರೆ ಇಂಥ ಪ್ರಶ್ನೆಗಳನ್ನು 1500 ವರ್ಷಕ್ಕೂ ಹಿಂದೆ ವಿಮಲಸೂರಿ ಎಂಬ ಜೈನ ಕವಿ ತನ್ನ ಪ್ರಾಕೃತ ಕಾವ್ಯ 'ಪಉಮಚರಿಯ'ದ ಆರಂಭದಲ್ಲೇ ಎತ್ತಿದ್ದಾನೆ. ಅಲ್ಲಿ ಶ್ರೇಣಿಕ ಎಂಬ ರಾಜ ಈ ಸಂಶಯಗಳನ್ನು ಗೌತಮ ಗಣಧರರ ಮುಂದಿಡುತ್ತಾನೆ. ಅದಕ್ಕೆ ಉತ್ತರವಾಗಿ ಬರುವುದೇ ಜೈನ ರಾಮಾಯಣ.

ಅದರ ಪ್ರಕಾರ ವಾನರರು ಕೋತಿಗಳಲ್ಲ, ಧ್ವಜದ ಮೇಲೆ ಕೋತಿಯ ಚಿಹ್ನೆ ಇದ್ದ ವಿದ್ಯಾಧರ ಕುಲದವರು. ರಾಕ್ಷಸರೂ ವಿದ್ಯಾಧರರೇ. ರಾವಣನಿಗೆ ಹತ್ತು ತಲೆ ಇರಲಿಲ್ಲ. ಅವನ ಕೊರಳ ಹಾರದ ರತ್ನಗಳಲ್ಲಿ ಮುಖ ಒಂಬತ್ತಾಗಿ ಪ್ರತಿಫಲಿಸಿ ದಶಮುಖ ಎಂಬ ಹೆಸರು ಬಂತು. ಈ ಪರಂಪರೆಯನ್ನು ಕನ್ನಡಕ್ಕೆ ತಂದವನು ನಾಗಚಂದ್ರ. ಅವನ 'ರಾಮಚಂದ್ರಚರಿತ ಪುರಾಣ' ಪಂಪ ರಾಮಾಯಣ ಎಂದೇ ಪ್ರಸಿದ್ಧ. ಅಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ, ರಾಮನಲ್ಲ. ಯಾಕೆಂದರೆ ಮೋಕ್ಷಕ್ಕೆ ಹೋಗಬೇಕಾದ ರಾಮನ ಕೈಗೆ ಹಿಂಸೆಯ ರಕ್ತ ಅಂಟಬಾರದು.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಜೈನ ಕವಿಗಳು ಪವಾಡವನ್ನೆಲ್ಲ ತೆಗೆದುಹಾಕಲಿಲ್ಲ. ವಿದ್ಯಾಧರರು ಆಕಾಶದಲ್ಲಿ ಹಾರುತ್ತಾರೆ. ಕವಿಗಳು ಬದಲಿಸಿದ್ದು ತಮ್ಮ ಧರ್ಮದ ತಿರುಳಿಗೆ, ಅಂದರೆ ಅಹಿಂಸೆ ಮತ್ತು ಕರ್ಮಸಿದ್ಧಾಂತಕ್ಕೆ ಹೊಂದದ ಭಾಗಗಳನ್ನು.

ವೈದಿಕ ಪರಂಪರೆ: ಕಥೆ ಬೇರೆ, ವಿಧಿ ಬೇರೆ

ವೇದದ ಅರ್ಥ ಹೇಳುವ ಶಾಸ್ತ್ರ ಪೂರ್ವಮೀಮಾಂಸೆ. ಅದು ವೇದದ ಮಾತುಗಳನ್ನು ವಿಂಗಡಿಸುತ್ತದೆ. 'ಇದನ್ನು ಮಾಡು' ಎನ್ನುವುದು ವಿಧಿ. ಆ ವಿಧಿಯನ್ನು ಹೊಗಳಲು ಅಥವಾ ನಿಷೇಧವನ್ನು ಮನದಟ್ಟು ಮಾಡಲು ಬರುವ ಕಥೆ, ಬಣ್ಣನೆ ಎಲ್ಲ ಅರ್ಥವಾದ. ಮೀಮಾಂಸಕರೇ ಕೊಡುವ ಉದಾಹರಣೆ ನೋಡಿ. ರುದ್ರ ಅತ್ತಾಗ ಬಿದ್ದ ಕಣ್ಣೀರು ಬೆಳ್ಳಿಯಾಯಿತು ಎಂಬ ಕಥೆ ವೇದದಲ್ಲಿದೆ. ಬೆಳ್ಳಿ ಹೇಗೆ ಹುಟ್ಟಿತು ಎಂಬ ಖನಿಜಶಾಸ್ತ್ರದ ಪಾಠ ಅದಲ್ಲ ಎನ್ನುತ್ತಾರೆ ಮೀಮಾಂಸಕರು. ಆ ಯಜ್ಞದಲ್ಲಿ ಬೆಳ್ಳಿಯನ್ನು ದಕ್ಷಿಣೆ ಕೊಡಬಾರದು ಎಂಬ ನಿಷೇಧಕ್ಕೆ ಬಲ ತುಂಬುವುದೇ ಅದರ ಕೆಲಸ. ವೇದವನ್ನು ಅಪೌರುಷೇಯವೆಂದು ನಂಬಿದವರೇ ಹೀಗೆ ಹೇಳಿದರು.

ಶಂಕರಾಚಾರ್ಯರು ಗೀತೆಯ 18ನೇ ಅಧ್ಯಾಯದ ಭಾಷ್ಯದಲ್ಲಿ ಇನ್ನೂ ನೇರವಾಗಿದ್ದಾರೆ. ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿವಾಕ್ಯಗಳು ಹೇಳಿದರೂ ಅದು ಪ್ರಮಾಣವಾಗದು ಎಂಬುದು ಅವರ ಮಾತಿನ ತಾತ್ಪರ್ಯ. ಕಣ್ಣಿಗೆ ಕಾಣುವ ವಿಷಯದಲ್ಲಿ ಪ್ರತ್ಯಕ್ಷವೇ ಪ್ರಮಾಣ, ಇಂದ್ರಿಯಕ್ಕೆ ಸಿಗದ ವಿಷಯದಲ್ಲಿ ಮಾತ್ರ ಶ್ರುತಿ ಪ್ರಮಾಣ ಎಂಬ ಗಡಿಯನ್ನು ಅವರು ಹಾಕಿದರು.

13ನೇ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು 'ಮಹಾಭಾರತ ತಾತ್ಪರ್ಯ ನಿರ್ಣಯ' ಬರೆದರು. ಭಾರತಕ್ಕೆ ಮೂರು ಸ್ತರದ ಅರ್ಥವಿದೆ ಎಂಬುದು ಅವರ ನಿಲುವು: ಕಥೆಯ ಸ್ತರ, ಧರ್ಮ ಮತ್ತು ಗುಣಗಳ ಸ್ತರ, ಹಾಗೂ ಇಡೀ ಗ್ರಂಥ ಭಗವಂತನನ್ನೇ ಹೇಳುತ್ತದೆ ಎಂಬ ಸ್ತರ. ಎರಡನೇ ಸ್ತರದಲ್ಲಿ ಭೀಮ ಎಂದರೆ ಭಕ್ತಿ, ಜ್ಞಾನ, ವೈರಾಗ್ಯ ಮುಂತಾದ ಗುಣಗಳು. ದ್ರೌಪದಿ ಎಂದರೆ ವಿದ್ಯೆ. ದುರ್ಯೋಧನ ಎಂದರೆ ಅಜ್ಞಾನ. ಮಧ್ವರು ಭಾರತ ನಡೆದ ಕಥೆಯೆಂದೂ ನಂಬಿದ್ದರು. ಸಂಕೇತವೆಂದು ಓದಿದರೆ ನಂಬಿಕೆ ಹೋಯಿತು ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ಘಟೋತ್ಕಚನ ಮೂಳೆ ಸಿಕ್ಕಿತೋ ಇಲ್ಲವೋ ಎಂಬುದರ ಮೇಲೆ ಈ ಮೂರು ಸ್ತರಗಳಲ್ಲಿ ಯಾವುದೂ ನಿಂತಿಲ್ಲ.

ಲಿಂಗಾಯತರು: ಪುರಾಣದ ಕತ್ತಿ, ಅನುಭವದ ಬಯಲು

ಶರಣರ ಬಗ್ಗೆ ಎರಡು ಬಗೆಯ ಸಾಹಿತ್ಯವಿದೆ. ಒಂದು, ಶರಣರೇ ಹೇಳಿದ ವಚನಗಳು. ಇನ್ನೊಂದು, ನಂತರದವರು ಶರಣರ ಬಗ್ಗೆ ಬರೆದ ರಗಳೆ ಮತ್ತು ಪುರಾಣಗಳು. ಹರಿಹರನ ರಗಳೆಗಳು, 1369ರಲ್ಲಿ ಭೀಮಕವಿ ಬರೆದ ಬಸವಪುರಾಣ ಈ ಎರಡನೇ ಸಾಲಿನವು. ಪುರಾಣಗಳಲ್ಲಿ ಪವಾಡ ಹೇರಳ. ವಚನಗಳಲ್ಲಿ ಒತ್ತು ನಡೆನುಡಿಯ ಮೇಲೆ, ಸ್ವಂತ ಅನುಭವದ ಮೇಲೆ. ಇಂದಿಗೂ ಕೆಲವು ಲಿಂಗಾಯತರು ಪುರಾಣದ ಪವಾಡಗಳನ್ನು ಭಕ್ತಿಯಿಂದ ಕೇಳುತ್ತಾರೆ. ಕೆಲವರು ವಚನಗಳೇ ಸಾಕು ಎನ್ನುತ್ತಾರೆ. ಇಬ್ಬರೂ ಬಸವಣ್ಣನವರನ್ನೇ ನಂಬಿದವರು.

ಶೂನ್ಯಸಂಪಾದನೆಯಲ್ಲಿ ಬರುವ ಗೋರಕ್ಷನ ಪ್ರಸಂಗ ಹಲವರಿಗೆ ಗೊತ್ತು. ಯೋಗಸಾಧನೆಯಿಂದ ಗೋರಕ್ಷನ ದೇಹ ವಜ್ರದಂತಾಗಿದೆ, ಕತ್ತಿ ಬೀಸಿದರೆ ಖಣಿಲ್ ಎನ್ನುತ್ತದೆ. ಅದೇ ಕತ್ತಿಯನ್ನು ಅಲ್ಲಮಪ್ರಭುವಿನ ಮೇಲೆ ಬೀಸಿದರೆ ಗಾಳಿಯಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಇದನ್ನು ಕೇಳಿದವರು ಅಲ್ಲಮನ ದೇಹದ ಸಾಂದ್ರತೆ ಎಷ್ಟಿತ್ತು ಎಂದು ಕೇಳುವುದಿಲ್ಲ. ದೇಹವನ್ನು ಗಟ್ಟಿ ಮಾಡಿಕೊಳ್ಳುವುದು ದೊಡ್ಡದೋ, ದೇಹದ ಹಮ್ಮನ್ನೇ ಕಳೆದುಕೊಳ್ಳುವುದು ದೊಡ್ಡದೋ ಎಂಬುದು ಅಲ್ಲಿನ ಪ್ರಶ್ನೆ. ಇದನ್ನು ನಿಜವಾಗಿ ನಡೆದದ್ದೆಂದು ನಂಬುವವರಿಗೂ ಸಿಗುವ ಪಾಠ ಅದೇ.

ಮುಸ್ಲಿಮರು: ದೈತ್ಯರ ಕಥೆಯನ್ನು ಪ್ರಶ್ನಿಸಿದ ಇಬ್ನ್ ಖಲ್ದೂನ್

ಕುರಾನಿನ 3ನೇ ಅಧ್ಯಾಯದ 7ನೇ ವಚನ ಗ್ರಂಥದೊಳಗಿನ ಮಾತುಗಳನ್ನೇ ಎರಡು ಬಗೆಯಾಗಿ ವಿಂಗಡಿಸುತ್ತದೆ: ಅರ್ಥ ಸ್ಪಷ್ಟವಾಗಿರುವ ಮುಹ್ಕಮಾತ್, ಹಲವು ಅರ್ಥಗಳಿಗೆ ಎಡೆಯಿರುವ ಮುತಶಾಬಿಹಾತ್. ಎರಡನೆಯದನ್ನು ವಿದ್ವಾಂಸರು ವಿವರಿಸಬಹುದೇ, ಅಥವಾ ಅದರ ಅರ್ಥ ದೇವರಿಗೆ ಮಾತ್ರ ಗೊತ್ತೇ ಎಂಬ ಬಗ್ಗೆ ಮುಸ್ಲಿಂ ವಿದ್ವಾಂಸರಲ್ಲೇ ಎರಡು ಅಭಿಪ್ರಾಯಗಳಿವೆ. 1198ರಲ್ಲಿ ತೀರಿಕೊಂಡ ಇಬ್ನ್ ರುಶ್ದ್, ತರ್ಕದಿಂದ ಸಿದ್ಧವಾದ ಸತ್ಯಕ್ಕೂ ಗ್ರಂಥದ ಮೇಲ್ನೋಟದ ಅರ್ಥಕ್ಕೂ ಹೊಂದದಿದ್ದರೆ ಗ್ರಂಥವನ್ನು ಒಳಾರ್ಥದಲ್ಲಿ ಓದಬೇಕು ಎಂದು ವಾದಿಸಿದರು. ಇದನ್ನು ಒಪ್ಪದವರೂ ಇದ್ದರು.

ಈಗ ಮತ್ತೆ ನಮ್ಮ ಅಸ್ಥಿಪಂಜರಕ್ಕೆ ಬರೋಣ. ಆದ್ ಜನರ ದೇಹಬಲವನ್ನು ಕುರಾನ್ ಹೇಳುತ್ತದೆ, ಆದರೆ ಇಷ್ಟು ಮೊಳ, ಇಷ್ಟು ಅಡಿ ಎಂಬ ಅಳತೆ ಕೊಡುವುದಿಲ್ಲ. ಅಳತೆಗಳನ್ನು ಸೇರಿಸಿದವರು ನಂತರದ ಕಥೆಗಾರರು. 1377ರಲ್ಲಿ ಇತಿಹಾಸಕಾರ ಇಬ್ನ್ ಖಲ್ದೂನ್ ತನ್ನ 'ಮುಕದ್ದಿಮಾ'ದಲ್ಲಿ ಈ ಕಥೆಗಳನ್ನು ತಳ್ಳಿಹಾಕಿದ. ಹಳೆಯ ದೊಡ್ಡ ಕಟ್ಟಡಗಳನ್ನು ನೋಡಿ ಜನ ಕಟ್ಟಿದವರೂ ದೈತ್ಯರೇ ಇರಬೇಕು ಎಂದುಕೊಳ್ಳುತ್ತಾರೆ ಎಂದ. ಆ ಕಟ್ಟಡಗಳ ಹಿಂದೆ ಇದ್ದದ್ದು ಯಂತ್ರೋಪಾಯ ಮತ್ತು ಸಾವಿರಾರು ಜನರ ದುಡಿಮೆ ಎಂದ. ಸಮೂದ್ ಜನ ಬಂಡೆಯಲ್ಲಿ ಕೊರೆದ ಮನೆಗಳ ಬಾಗಿಲುಗಳು ನಮ್ಮಷ್ಟೇ ಎತ್ತರದವರಿಗೆ ತಕ್ಕಂತಿವೆ ಎಂದು ತೋರಿಸಿದ. ಅವನು ಧರ್ಮನಿಷ್ಠ ಮುಸ್ಲಿಂ, ನ್ಯಾಯಾಧೀಶನೂ ಆಗಿದ್ದವನು. ನಕಲಿ ಫೋಟೊ ಬರುವುದಕ್ಕೆ 600 ವರ್ಷ ಮೊದಲೇ ಅದಕ್ಕೆ ಉತ್ತರ ಬರೆದಿಟ್ಟಿದ್ದ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಇನ್ನೊಂದು ಬಗೆಯ ಉದಾಹರಣೆ. ಕರ್ಬಲಾ ಯುದ್ಧ 680ರಲ್ಲಿ ನಡೆದದ್ದು ಇತಿಹಾಸ. ಆದರೆ ನಮ್ಮ ಹಳ್ಳಿಗಳಲ್ಲಿ ಅದು ಕನ್ನಡದ ರಿವಾಯತ್ ಹಾಡುಗಳಾಗಿ, ಅಲಾಯಿ ಕುಣಿತವಾಗಿ, ಹಿಂದೂಗಳೂ ಪಂಜಾ ಹೊರುವ ಹಬ್ಬವಾಗಿ ಬೆಳೆದಿದೆ. ಇದನ್ನು ಒಪ್ಪದ ಮುಸ್ಲಿಮರೂ ಇದ್ದಾರೆ, ಒಪ್ಪಿ ಪಾಲ್ಗೊಳ್ಳುವವರೂ ಇದ್ದಾರೆ. ನಡೆದ ಘಟನೆಗೂ ಊರು ಊರಿನಲ್ಲಿ ಬೇರೆ ಬೇರೆ ಅರ್ಥ ಹುಟ್ಟುತ್ತದೆ.

ಕ್ರೈಸ್ತರು: ನಾಲ್ಕು ಅರ್ಥ ಮತ್ತು ಗೊಲಿಯಾತನ ಎತ್ತರ

ಸುಮಾರು 1600 ವರ್ಷಗಳ ಹಿಂದೆ ಸಂತ ಆಗಸ್ಟೀನ್ ಆದಿಕಾಂಡದ ಬಗ್ಗೆ ಬರೆಯುತ್ತ ತನ್ನವರಿಗೇ ಎಚ್ಚರಿಕೆ ಕೊಟ್ಟ. ಭೂಮಿ, ಆಕಾಶ, ನಕ್ಷತ್ರಗಳ ಬಗ್ಗೆ ಬಲ್ಲವರ ಮುಂದೆ ಗ್ರಂಥದ ಹೆಸರು ಹೇಳಿ ಅಸಂಬದ್ಧ ಮಾತಾಡಿದರೆ ನಗೆಪಾಟಲಾಗುವುದು ಧರ್ಮವೇ ಎಂಬುದು ಅವನ ಕಳಕಳಿ. ಮಧ್ಯಯುಗದ ಚರ್ಚ್ ಬೈಬಲ್‌ಗೆ ನಾಲ್ಕು ಅರ್ಥ ಹೇಳುತ್ತಿತ್ತು: ಅಕ್ಷರಾರ್ಥ, ಸಂಕೇತಾರ್ಥ, ನೀತಿಯ ಅರ್ಥ, ಪರಲೋಕವನ್ನು ಕುರಿತ ಅರ್ಥ.

ಆದರೆ ಅದೇ ಚರ್ಚ್ 1633ರಲ್ಲಿ ಗೆಲಿಲಿಯೊನನ್ನು ಶಿಕ್ಷಿಸಿತು. ಯೆಹೋಶುವನ ಮಾತಿಗೆ ಸೂರ್ಯ ನಿಂತ ಎಂಬ ಬೈಬಲ್ ಕಥೆಯೂ ಭೂಮಿ ಸುತ್ತುತ್ತದೆ ಎನ್ನುವವರ ವಿರುದ್ಧ ಬಳಕೆಯಾಗಿತ್ತು. ಗೆಲಿಲಿಯೊ ವಿಚಾರದಲ್ಲಿ ತಪ್ಪಾಗಿತ್ತು ಎಂದು ಪೋಪ್ ಎರಡನೇ ಜಾನ್ ಪಾಲ್ ಒಪ್ಪಿದ್ದು 1992ರಲ್ಲಿ. ಅದಕ್ಕೂ ಮೊದಲೇ, 1943ರಲ್ಲಿ, ಪೋಪ್ ಹನ್ನೆರಡನೇ ಪಯಸ್, ಬೈಬಲ್ ಬರೆದವರು ಯಾವ ಸಾಹಿತ್ಯಪ್ರಕಾರದಲ್ಲಿ ಬರೆದರು ಎಂದು ನೋಡಿ ಅರ್ಥ ಮಾಡಬೇಕು ಎಂದು ಕ್ಯಾಥೊಲಿಕ್ ವಿದ್ವಾಂಸರಿಗೆ ಸೂಚಿಸಿದ್ದರು. ಇನ್ನೊಂದೆಡೆ ಆದಿಕಾಂಡದ ಆರು ದಿನಗಳನ್ನು 24 ಗಂಟೆಯ ದಿನಗಳೆಂದೇ ನಂಬುವ ಕ್ರೈಸ್ತ ಪಂಗಡಗಳು ಇಂದಿಗೂ ಇವೆ.

ದಾವೀದ ಕೊಂದ ಗೊಲಿಯಾತನ ಎತ್ತರ ಎಷ್ಟು? ಪ್ರಚಲಿತ ಹೀಬ್ರೂ ಪಾಠದಲ್ಲಿ ಆರು ಮೊಳ ಒಂದು ಗೇಣು, ಅಂದರೆ ಸುಮಾರು ಒಂಬತ್ತೂವರೆ ಅಡಿ. ಹಳೆಯ ಗ್ರೀಕ್ ಅನುವಾದದಲ್ಲಿ ಮತ್ತು ಮೃತ ಸಮುದ್ರದ ಬಳಿ ಸಿಕ್ಕ ಪ್ರಾಚೀನ ಸುರುಳಿಯಲ್ಲಿ ನಾಲ್ಕು ಮೊಳ ಒಂದು ಗೇಣು, ಅಂದರೆ ಸುಮಾರು ಆರೂವರೆ ಅಡಿ. ಪ್ರತಿ ಮಾಡುವಾಗ ಕಥೆಯ ದೈತ್ಯರು ಬೆಳೆಯುತ್ತಾರೆ. ಫಾರ್ವರ್ಡ್ ಮಾಡುವಾಗಲೂ ಆಗುವುದು ಇದೇ. ಯಹೂದಿಗಳ ತಾಲ್ಮೂಡ್‌ನಲ್ಲಂತೂ ಯೋಬ ಎಂಬ ವ್ಯಕ್ತಿ ಇರಲೇ ಇಲ್ಲ, ಅದೊಂದು ದೃಷ್ಟಾಂತ ಕಥೆ ಎಂಬ ಅಭಿಪ್ರಾಯವನ್ನೂ, ಅದಕ್ಕೆ ವಿರೋಧವನ್ನೂ ಒಟ್ಟಿಗೇ ದಾಖಲಿಸಿದ್ದಾರೆ.

ಗದಗ-ಬೆಟಗೇರಿಗೂ ಈ ಚರಿತ್ರೆಗೂ ಸಂಬಂಧವಿದೆ. ಬಾಸೆಲ್ ಮಿಶನ್ 1841ರಲ್ಲಿ ಬೆಟಗೇರಿಯಲ್ಲಿ ತನ್ನ ಕೇಂದ್ರ ತೆರೆಯಿತು. ಮತಪ್ರಚಾರಕ್ಕೆಂದು ಬಂದ ಇದೇ ಮಿಶನ್ನಿನ ಹರ್ಮನ್ ಮೋಗ್ಲಿಂಗ್, 1848ರಿಂದ ಮಂಗಳೂರಿನಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಇನ್ನೊಬ್ಬರ ಕಥೆಯನ್ನು ನಂಬದೆಯೂ ಅದನ್ನು ಪೂರ್ತಿ ಓದಬಹುದು, ಕಾಪಾಡಬಹುದು ಎಂಬುದಕ್ಕೆ ಇದು ಸಾಕ್ಷಿ.

ಅಕ್ಷರಶಃ ನಂಬುವವರು ತಪ್ಪೇ?

ಇಲ್ಲ. ಪ್ರತಿ ಧರ್ಮದಲ್ಲೂ ಕಥೆಗಳನ್ನು ಹಾಗೇ ನಡೆದವೆಂದು ನಂಬುವವರು ಬಹಳ ಜನರಿದ್ದಾರೆ. ಒಂದೇ ಮನೆಯಲ್ಲಿ ಅಜ್ಜಿ ಹನುಮಂತ ಸಮುದ್ರ ಹಾರಿದ್ದನ್ನು ಕಣ್ಣಾರೆ ಕಂಡಂತೆ ಹೇಳುತ್ತಾಳೆ, ಮೊಮ್ಮಗಳು ಅದನ್ನು ಧೈರ್ಯದ ಕಥೆಯಾಗಿ ಕೇಳುತ್ತಾಳೆ. ಇಬ್ಬರಿಗೂ ಅದರಿಂದ ಬಲ ಸಿಗುತ್ತದೆ. ಪವಾಡ ಎಂದರೇ ನಿಸರ್ಗದ ನಿಯಮ ಮೀರಿದ್ದು ಎಂದು ನಂಬುವವರೇ ಹೇಳುವಾಗ, ಒಮ್ಮೆ ಮಾತ್ರ ನಡೆದದ್ದೆನ್ನುವ ಅದನ್ನು ವಿಜ್ಞಾನ ಪ್ರಯೋಗಾಲಯಕ್ಕೆ ತರಲಾಗದು. ಆದರೆ "ಇದೋ ಫೋಟೊ, ಇದೋ ವಿಜ್ಞಾನಿಗಳ ಸಾಕ್ಷಿ" ಎಂದ ಕೂಡಲೇ ಮಾತು ಬೇರೆಯಾಗುತ್ತದೆ. ಆಗ ಸಾಕ್ಷಿಯನ್ನು ಪರೀಕ್ಷಿಸಲೇಬೇಕು.

ಹೀಗೆ ವಿಂಗಡಿಸಿಕೊಳ್ಳಿ:

- ಫೋಟೊ, ವಿಡಿಯೊ, ಸಂಸ್ಥೆಯ ಹೇಳಿಕೆ: ಪರೀಕ್ಷಿಸಬಹುದು.
- ಕಾಲ, ಸ್ಥಳ, ರಾಜ, ಶಾಸನ: ಇತಿಹಾಸದ ಸಾಕ್ಷ್ಯದಿಂದ ಪರಿಶೀಲಿಸಬಹುದು.
- ಗ್ರಂಥದಲ್ಲಿದೆ ಎನ್ನುವ ಔಷಧ, ಉಪವಾಸ, ಚಿಕಿತ್ಸೆ: ಪರೀಕ್ಷಿಸಲೇಬೇಕು. ಇಲ್ಲಿ ತಪ್ಪಿದರೆ ಹೋಗುವುದು ಜೀವ. ಭಕ್ತಿಯಿಂದ ಕೇಳಿದ ಕಥೆ ಬೇರೆ, ಸಕ್ಕರೆ ಕಾಯಿಲೆಯ ಮಾತ್ರೆ ಬಿಡುವುದು ಬೇರೆ.
- ಕಥೆಯ ನೀತಿ, ಭಕ್ತಿ, ಅರ್ಥ: ಇದು ವಿಜ್ಞಾನದ ಪ್ರಶ್ನೆಯಲ್ಲ. ಇಲ್ಲಿ ಒಪ್ಪದಿರಬಹುದು, ಅಣಕಿಸಬೇಕಿಲ್ಲ.

ನಾಸಾ ಹೆಸರಿನ ಮೂರು ಫಾರ್ವರ್ಡ್‌ಗಳು

ಅಸ್ಥಿಪಂಜರದಂತೆ 'ನಾಸಾ ಒಪ್ಪಿದೆ' ಎಂಬ ಸಾಲೂ ಎಲ್ಲ ಧರ್ಮದ ಗ್ರೂಪ್‌ಗಳಲ್ಲಿದೆ.

1. ರಾಮಸೇತು 17.5 ಲಕ್ಷ ವರ್ಷ ಹಳೆಯದು, ಮಾನವನಿರ್ಮಿತ ಎಂದು ನಾಸಾ ಹೇಳಿದೆ. 2002ರಿಂದ ಇದು ಸುತ್ತುತ್ತಿದೆ. ಬಾಹ್ಯಾಕಾಶದಿಂದ ತೆಗೆದ ಚಿತ್ರ ನಾಸಾದ್ದೇ. ಆದರೆ ಅಂಥ ಚಿತ್ರ ನೋಡಿ ಅದರ ವಯಸ್ಸನ್ನಾಗಲಿ, ಯಾರು ಕಟ್ಟಿದರು ಎಂಬುದನ್ನಾಗಲಿ ಹೇಳಲಾಗದು ಎಂದು ನಾಸಾ ಸ್ಪಷ್ಟಪಡಿಸಿತ್ತು.

2. ಚಂದ್ರ ಎರಡಾಗಿದ್ದಕ್ಕೆ ನಾಸಾ ಸಾಕ್ಷಿ ಕೊಟ್ಟಿದೆ. ಇದರ ಜೊತೆ ಬರುವ ಫೋಟೊ 1969ರ ಅಪೊಲೊ 10 ಯಾನದ್ದು. ಅದರಲ್ಲಿರುವುದು ಸುಮಾರು 300 ಕಿ.ಮೀ. ಉದ್ದದ ಒಂದು ಕಣಿವೆ. ಅದು ಚಂದ್ರನನ್ನು ಸುತ್ತುವರಿದಿಲ್ಲ. ಚಂದ್ರ ಒಡೆದು ಕೂಡಿಕೊಂಡಿದ್ದಕ್ಕೆ ವೈಜ್ಞಾನಿಕ ಸಾಕ್ಷ್ಯವಿಲ್ಲ ಎಂದು ನಾಸಾ ವಿಜ್ಞಾನಿಯೊಬ್ಬರು 2010ರಲ್ಲಿ ಹೇಳಿದರು.

3. ಯೆಹೋಶುವನ ಕಾಲದ ಕಳೆದುಹೋದ ಒಂದು ದಿನವನ್ನು ನಾಸಾ ಕಂಪ್ಯೂಟರ್ ಪತ್ತೆ ಮಾಡಿದೆ. ಈ ಕಥೆಯ ಬೇರು ನಾಸಾ ಹುಟ್ಟುವುದಕ್ಕೂ ಮೊದಲು, 1890ರ ಒಂದು ಪುಸ್ತಕದಲ್ಲಿದೆ. ಯಾವುದೇ ಕಂಪ್ಯೂಟರ್ ಹಾಗೆ 'ಕಳೆದ ದಿನ' ಹುಡುಕಲಾರದು. ಹೋಲಿಸಲು ಆ ಕಾಲದ ಸ್ವತಂತ್ರ ದಾಖಲೆಯೇ ಇಲ್ಲ.

ಮೂರರಲ್ಲೂ ಭಕ್ತಿಗೆ ಬೇಕಿಲ್ಲದ ಸರ್ಟಿಫಿಕೇಟನ್ನು ನಾಸಾದಿಂದ ಕೇಳಲಾಗಿದೆ. ನಾಳೆ ಆ ಸರ್ಟಿಫಿಕೇಟ್ ನಕಲಿ ಎಂದು ಗೊತ್ತಾದಾಗ ಮಕ್ಕಳ ಮುಂದೆ ಸಣ್ಣದಾಗುವುದು ನಾಸಾ ಅಲ್ಲ, ಕಳಿಸಿದವರ ನಂಬಿಕೆ.

ಫಾರ್ವರ್ಡ್ ಮಾಡುವ ಮುನ್ನ

ಕುಮಾರವ್ಯಾಸ ಭಾರತವನ್ನು ಗಮಕ ಪದ್ಧತಿಯಲ್ಲಿ ಓದುವಾಗ ಇಬ್ಬರಿರುತ್ತಾರೆ. ಒಬ್ಬರು ಪದ್ಯವನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಶ್ರಾವಣದ ಪುರಾಣ ಪ್ರವಚನದಲ್ಲೂ ಓದಿನ ಜೊತೆ ವಿವರಣೆ ಇರುತ್ತದೆ. ಮಸೀದಿಯಲ್ಲಿ ತಫ್ಸೀರ್, ಚರ್ಚಿನಲ್ಲಿ ಪ್ರಬೋಧನೆ ಮಾಡುವುದೂ ಇದೇ ಕೆಲಸ. ವಾಟ್ಸಾಪ್‌ನಲ್ಲಿ ಬರುವುದು ಮಾತ್ರ ವ್ಯಾಖ್ಯಾನವಿಲ್ಲದ ತುಂಡು. ಇನ್ನೊಂದು ಧರ್ಮದ ಗ್ರಂಥದಿಂದ ಒಂದು ಸಾಲು ಕಿತ್ತು "ನೋಡಿ, ಇವರು ಇಂಥದ್ದನ್ನು ನಂಬುತ್ತಾರೆ" ಎನ್ನುವ ಸಂದೇಶವೂ ಅಂಥ ತುಂಡೇ.

- ಚಿತ್ರವಿದ್ದರೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ ಹುಡುಕಿ. ಹಳೆಯ ನಕಲಿ ಚಿತ್ರಗಳ ಮೂಲ ಹೆಚ್ಚಾಗಿ ಒಂದೇ ನಿಮಿಷದಲ್ಲಿ ಸಿಗುತ್ತದೆ.
- ಇದೇ ಸಂದೇಶದಲ್ಲಿ ಧರ್ಮದ ಹೆಸರು ಬದಲಿಸಿದರೂ ಹೊಂದುತ್ತದೆಯೇ? ಹೊಂದಿದರೆ ಅನುಮಾನಿಸಿ.
- ಇನ್ನೊಬ್ಬರ ಗ್ರಂಥದ ಕಥೆಯಾದರೆ, ಅದನ್ನು ನಂಬುವ ನಿಮ್ಮ ಪರಿಚಯದವರನ್ನೇ ಕೇಳಿ: "ನೀವು ಇದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತೀರಿ?"
- ಅಣಕದ ಸಂದೇಶವನ್ನು ನಿಮ್ಮಲ್ಲೇ ನಿಲ್ಲಿಸಿ. ಧಾರ್ಮಿಕ ಭಾವನೆಗೆ ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಧಕ್ಕೆ ತರುವುದು ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್ ಪ್ರಕಾರ ಅಪರಾಧ. ಧರ್ಮದ ಆಧಾರದಲ್ಲಿ ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದು 196ನೇ ಸೆಕ್ಷನ್ ಅಡಿ ಅಪರಾಧ. ಎರಡಕ್ಕೂ 3 ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು.

ನಮ್ಮ ಸಂವಿಧಾನದ 51ಎ ವಿಧಿ ನಾಗರಿಕರ ಮೂಲಭೂತ ಕರ್ತವ್ಯಗಳನ್ನು ಹೇಳುತ್ತದೆ. ಧರ್ಮಭೇದ ಮೀರಿದ ಸೌಹಾರ್ದ ಬೆಳೆಸುವುದು, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಎರಡೂ ಆ ಒಂದೇ ಪಟ್ಟಿಯಲ್ಲಿವೆ. ಒಂದನ್ನು ಪಾಲಿಸಲು ಇನ್ನೊಂದನ್ನು ಬಿಡಬೇಕಿಲ್ಲ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ದೇವಾಲಯ, ಶಂಖ ಬಸದಿ, ಜುಮ್ಮಾ ಮಸೀದಿ ಒಂದೇ ಊರಿನಲ್ಲಿವೆ. ಶಿರಹಟ್ಟಿಯ ಫಕೀರೇಶ್ವರ ಮಠ ಹಿಂದೂ-ಮುಸ್ಲಿಂ ಭಾವೈಕ್ಯದ ಮಠವೆಂದೇ ಹೆಸರಾಗಿದೆ. ಹಿರೇಹಂದಿಗೋಳವಿರಲಿ, ಮುಂಡರಗಿಯಿರಲಿ, ಊರಿನ ಗ್ರೂಪ್‌ನಲ್ಲಿ ಇರುವವರು ನಾಳೆ ಸಂತೆಯಲ್ಲಿ, ಹೊಲದ ಬದುವಿನಲ್ಲಿ ಎದುರಾಗುವವರೇ. ಆ ಫೋಟೊ ಮತ್ತೆ ಬಂದರೆ "ಇದು 2002ರ ಸ್ಪರ್ಧೆಯ ಚಿತ್ರ" ಎಂಬ ಒಂದು ಸಾಲು ಹಾಕಿ ಸಾಕು. ಘಟೋತ್ಕಚನ ಬಗ್ಗೆ ಮಾತಾಡುವ ಮನಸ್ಸಿದ್ದರೆ, ಕುಮಾರವ್ಯಾಸ ಭಾರತದ ದ್ರೋಣಪರ್ವ ಓದುವವರನ್ನು ಹುಡುಕಿ ಕೇಳಿ.